ಹನ್ನೆರಡು ಖಾಲಿ ಬುಧವಾರಗಳು: ‘ಲಾಸ್ಟ್’ ಮೂರನೇ ಸೀಸನ್‌ನ ಪ್ರಕರಣ ಅಧ್ಯಯನ

2006ರ ನವೆಂಬರ್ 8, ಬುಧವಾರ ರಾತ್ರಿ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ‘ಲಾಸ್ಟ್’ ಮೂರನೇ ಸೀಸನ್‌ನ ಆರನೇ ಕಂತು ಮುಗಿಯುವ ಹೊತ್ತು. ಆಪರೇಷನ್ ಟೇಬಲ್ ಮೇಲೆ ಬೆನ್ ಮಲಗಿದ್ದಾನೆ, ಕಥೆಯ ನಾಯಕ ಜಾಕ್‌ನನ್ನು ಸೆರೆಹಿಡಿದಿರುವ ಗುಂಪಿನ ಮುಖ್ಯಸ್ಥ. ಬೆನ್ನುಮೂಳೆಯ ಗೆಡ್ಡೆ ತೆಗೆಯಬೇಕಿದ್ದ ಡಾಕ್ಟರ್ ಜಾಕ್, ಬೇಕಂತಲೇ ಅವನ ಮೂತ್ರಪಿಂಡದ ಹತ್ತಿರ ಒಂದು ಸಣ್ಣ ಗಾಯ ಮಾಡಿದ್ದಾನೆ. ಒಂದು ಗಂಟೆಯೊಳಗೆ ಹೊಲಿಗೆ ಹಾಕದಿದ್ದರೆ ಬೆನ್ ಉಳಿಯುವುದಿಲ್ಲ. ಜಾಕ್ ವಾಕಿಟಾಕಿ ಕೈಗೆತ್ತಿಕೊಂಡು, ಓಡಿಹೋಗು ಎಂದು, ತನ್ನಂತೆಯೇ ಸೆರೆಯಲ್ಲಿರುವ ಕೇಟ್‌ಗೆ ಕೂಗುತ್ತಾನೆ. ಅಲ್ಲಿಗೆ ಪರದೆ ಕಪ್ಪಾಗುತ್ತದೆ.

ಮುಂದಿನ ಕಂತು ಬಂದಿದ್ದು 2007ರ ಫೆಬ್ರವರಿ 7ಕ್ಕೆ. ಕಥೆಯೊಳಗೆ ಇದ್ದಿದ್ದು ಒಂದೇ ಒಂದು ಗಂಟೆಯ ಗಡುವು. ನೋಡುವವರು ಕಾದಿದ್ದು ಹದಿಮೂರು ವಾರ. ನಡುವೆ ಹನ್ನೆರಡು ಬುಧವಾರ ಖಾಲಿ.

ಆ ಹನ್ನೆರಡು ಬುಧವಾರಗಳ ಮುಂಚೆ ಏನಾಯಿತು, ಆಮೇಲೆ ಏನಾಯಿತು ಅನ್ನುವುದೇ ಈ ಪ್ರಕರಣ. ‘ಲಾಸ್ಟ್’ ಅಭಿಮಾನಿಗಳು ಸೇರಿದಾಗ ಎರಡು ಬೇರೆ ಬೇರೆ ಜಗಳ ಆಡುತ್ತಿದ್ದರು. ಒಂದು, ಪ್ರಸಾರದ ವೇಳಾಪಟ್ಟಿ ಬಗ್ಗೆ. ಇನ್ನೊಂದು, ಟ್ವಿಸ್ಟ್‌ಗಳ ಬಗ್ಗೆ. ಅವೆರಡೂ ಒಂದೇ ಜಗಳ ಅನ್ನುವುದು ನನ್ನ ಮಾತು. ಕಥೆ ಯಾವಾಗ ಮುಗಿಯುತ್ತದೆ ಅಂತ ಬರೆಯುವವರಿಗೇ ಗೊತ್ತಿಲ್ಲದಿದ್ದರೆ, ಅವರು ಎಷ್ಟೇ ದೊಡ್ಡ ತಿರುವು ಕೊಟ್ಟರೂ ಅದು ಎಲ್ಲಿಗೂ ಹೋಗುವುದಿಲ್ಲ. ಈ ಸೀಸನ್‌ನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಸರಣಿ ಇನ್ನೂ ನೋಡದೇ ಇರುವವರು ದಯವಿಟ್ಟು ಇಲ್ಲೇ ನಿಲ್ಲಿಸಿ. ಮುಂದೆ ದೊಡ್ಡ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಬುಧವಾರಗಳ ಲೆಕ್ಕ

‘ಲಾಸ್ಟ್’ ಶುರುವಾಗಿದ್ದು 2004ರ ಸೆಪ್ಟೆಂಬರ್ 22ಕ್ಕೆ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಶಿಯಾನಿಕ್ 815 ವಿಮಾನ ಯಾವುದೋ ದ್ವೀಪದಲ್ಲಿ ಬೀಳುತ್ತದೆ. ಬದುಕಿ ಉಳಿದವರ ಕಥೆ ಇದು. ಒಂದೊಂದು ಕಂತಿನಲ್ಲಿ ಒಬ್ಬೊಬ್ಬರ ಹಳೆಯ ಬದುಕು ಫ್ಲಾಶ್‌ಬ್ಯಾಕ್‌ನಲ್ಲಿ ಬರುತ್ತದೆ. ಮೇಲ್ನೋಟಕ್ಕೆ ದ್ವೀಪದಲ್ಲಿ ಬದುಕುಳಿಯುವವರ ಸಾಹಸ. ಒಳಗೆ ಹೋಗುತ್ತಾ ಹೋಗುತ್ತಾ ನೆಲದಡಿಯ ಬಂಕರ್, 108 ನಿಮಿಷಕ್ಕೊಮ್ಮೆ ಒತ್ತಬೇಕಾದ ಬಟನ್, ವಿದ್ಯುತ್ಕಾಂತ ಶಕ್ತಿ, ಕೊನೆಗೆ ಕಾಲಪ್ರಯಾಣ. ಅಪ್ಪಟ ಸೈನ್ಸ್ ಫಿಕ್ಷನ್.

ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಆಗ ಒಂದು ರೂಢಿ ಇತ್ತು. ಸೀಸನ್ ಸೆಪ್ಟೆಂಬರ್‌ನಲ್ಲಿ ಶುರು, ಮೇನಲ್ಲಿ ಮುಕ್ತಾಯ. ಅಂದರೆ ಮೂವತ್ತೈದು, ಮೂವತ್ತಾರು ವಾರ. ಆದರೆ ತಯಾರಾಗುತ್ತಿದ್ದದ್ದು 22ರಿಂದ 24 ಕಂತು. ಉಳಿದ ವಾರಗಳಲ್ಲಿ ಮರುಪ್ರಸಾರ. ಅದರಲ್ಲೂ ನವೆಂಬರ್, ಫೆಬ್ರವರಿ, ಮೇ ತಿಂಗಳುಗಳಿಗೆ ಹೊಸ ಕಂತುಗಳನ್ನು ಎತ್ತಿಡುತ್ತಿದ್ದರು. ಸ್ಥಳೀಯ ಜಾಹೀರಾತಿನ ದರ ನಿಗದಿಯಾಗುವ ವೀಕ್ಷಕರ ಎಣಿಕೆ ನಡೆಯುತ್ತಿದ್ದದ್ದು ಆ ತಿಂಗಳುಗಳಲ್ಲೇ. ಪ್ರತಿ ವಾರ ಬೇರೆ ಕೇಸ್ ಬಿಡಿಸುವ ಪೊಲೀಸ್ ಸರಣಿಗೆ ಇದರಿಂದ ಏನೂ ತೊಂದರೆ ಇಲ್ಲ. ಹಳೇ ಕಂತು ಹಾಕಿದರೂ ನಡೆಯುತ್ತದೆ. ಒಂದೇ ದಾರದಲ್ಲಿ ಪೋಣಿಸಿದ ಕಥೆಗೆ ಇದು ವಿಷ.

ಎರಡನೇ ಸೀಸನ್‌ನ ಲೆಕ್ಕ ಹಾಕಿ ನೋಡಿ. 2005ರ ಸೆಪ್ಟೆಂಬರ್ 21ರಿಂದ 2006ರ ಮೇ 24ರವರೆಗೆ 36 ಬುಧವಾರ. ಕಂತು 24, ಕೊನೆಯ ದಿನ ಎರಡು ಒಟ್ಟಿಗೆ. ಅಂದರೆ ಹೊಸ ಕಂತು ಇಲ್ಲದ ಬುಧವಾರಗಳು ಹದಿಮೂರು, ಅದೂ ಅಲ್ಲೊಂದು ಇಲ್ಲೊಂದು ಚದುರಿಹೋಗಿದ್ದವು. ಈ ವಾರ ಇದೆಯಾ, ಇಲ್ವಾ? ಟಿವಿ ಹಾಕಿ ಕೂತ ಮೇಲೆ ‘ಅಯ್ಯೋ, ಇದು ನೋಡಿದ್ದೇ’ ಅನ್ನುವ ಬೇಜಾರು. ಆ ಸೀಸನ್ ಶುರುವಾದಾಗ 2 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಒಂದು ವರ್ಷದ ನಂತರ, ಮೂರನೇ ಸೀಸನ್‌ನ ಮೊದಲ ಕಂತಿಗೆ ಅದು ಸುಮಾರು 1 ಕೋಟಿ 88 ಲಕ್ಷಕ್ಕೆ ಇಳಿದಿತ್ತು.

ಅಭಿಮಾನಿಗಳು ಕೇಳಿದ್ದು ದೊಡ್ಡದೇನಲ್ಲ. ಫಾಕ್ಸ್ ಚಾನೆಲ್ 2005ರಿಂದ ‘24’ ಸರಣಿಯನ್ನು ಜನವರಿಯಲ್ಲಿ ಶುರುಮಾಡಿ, ಒಂದು ವಾರವೂ ಬಿಡದೆ ಮೇವರೆಗೆ ಓಡಿಸುತ್ತಿತ್ತು. ‘ನಮಗೂ ಹಾಗೇ ಕೊಡಿ’ ಅಂದರು.

ಎಬಿಸಿ ಅರ್ಧ ಕೇಳಿಸಿಕೊಂಡಿತು. ಮೂರನೇ ಸೀಸನ್‌ನಲ್ಲಿ ಮರುಪ್ರಸಾರ ಇಲ್ಲ ಅಂತಾಯಿತು. ಆದರೆ ಜನವರಿವರೆಗೆ ಕಾಯಲೂ ಮನಸ್ಸಿಲ್ಲ. ಹಾಗಾಗಿ ಅಕ್ಟೋಬರ್ 4ರಿಂದ ನವೆಂಬರ್ 8ರವರೆಗೆ ಆರು ಕಂತು, ಆಮೇಲೆ ದೊಡ್ಡ ಬಿಡುವು, ಫೆಬ್ರವರಿ 7ರಿಂದ ಉಳಿದದ್ದು. ಬಿಡುವಿನಲ್ಲಿ ಆ ಜಾಗಕ್ಕೆ ‘ಡೇ ಬ್ರೇಕ್’ ಅನ್ನುವ ಹೊಸ ಸರಣಿ ತಂದರು. ಒಂದೇ ದಿನವನ್ನು ಮತ್ತೆ ಮತ್ತೆ ಬದುಕುವ ಪತ್ತೇದಾರನ ಕಥೆ. ಅದನ್ನೂ ಡಿಸೆಂಬರ್‌ನಲ್ಲೇ ಅರ್ಧಕ್ಕೆ ನಿಲ್ಲಿಸಿದರು. ಆ ಕಥೆಯ ಎಳೆ ಹಿಡಿದವರಿಗೂ ಕೈಕೊಟ್ಟ ಹಾಗಾಯಿತು. ನನಗೆ ಇದು ಇವತ್ತಿಗೂ ಬೇಸರದ ವಿಷಯ. ಒಂದು ಕಥೆಯ ಖಾಲಿ ಜಾಗ ತುಂಬಲು ಇನ್ನೊಂದು ಕಥೆಯನ್ನು ತಂದು, ಅದನ್ನೂ ಬಿಟ್ಟುಬಿಡುವುದು ನೋಡುವವರ ನಂಬಿಕೆಗೆ ಮಾಡುವ ಅನ್ಯಾಯ.

ಫೆಬ್ರವರಿಯಲ್ಲಿ ವಾಪಸ್ ಬಂದಾಗ ಸಮಯವೂ ಬದಲಾಗಿತ್ತು. ರಾತ್ರಿ 9ರಿಂದ 10ಕ್ಕೆ. 9ಕ್ಕೆ ‘ಅಮೆರಿಕನ್ ಐಡಲ್’ ಜೊತೆ ಗುದ್ದಾಡುವುದು ಬೇಡ ಅಂತ.

ಪಂಜರ ಮತ್ತು ಹಚ್ಚೆ

ಇಲ್ಲಿ ವೇಳಾಪಟ್ಟಿಯ ಕಥೆ ಟ್ವಿಸ್ಟ್‌ಗಳ ಕಥೆಗೆ ಬಂದು ಸೇರುತ್ತದೆ.

ಆ ಮೊದಲ ಆರು ಕಂತುಗಳಲ್ಲಿ ಬಹುಪಾಲು ಸಮಯ ಕೇಟ್ ಮತ್ತು ಅದೇ ವಿಮಾನದ ಇನ್ನೊಬ್ಬ ಪ್ರಯಾಣಿಕ ಸಾಯರ್, ಬೆನ್ ಗುಂಪಿನವರ ಪಂಜರದಲ್ಲಿದ್ದಾರೆ. ಹಿಂದೆ ಹಿಮಕರಡಿಗಳನ್ನು ಇಟ್ಟಿದ್ದ ಪಂಜರ. ಸಾಯರ್ ಯಂತ್ರದ ಬಟನ್ ಒತ್ತಿ ಮೀನಿನ ಬಿಸ್ಕತ್ತು ಬೀಳಿಸುವುದು ಹೇಗೆ ಅಂತ ಕಲಿಯುತ್ತಾನೆ. ಜಾಕ್ ಇನ್ನೊಂದು ಕಡೆ ಗಾಜಿನಾಚೆ ಬಂದಿ. ದ್ವೀಪದ ಈ ಕಡೆ ಇರುವ ಉಳಿದವರು ಆಗೊಮ್ಮೆ ಈಗೊಮ್ಮೆ ಕಾಣುತ್ತಾರೆ. 23 ಕಂತಿನ ಹರಿವಿನಲ್ಲಿ ಬಂದಿದ್ದರೆ ಈ ಭಾಗ ಅಷ್ಟು ಭಾರ ಅನ್ನಿಸುತ್ತಿರಲಿಲ್ಲ. ಆದರೆ ನೋಡುವವರ ಕೈಗೆ ಸಿಕ್ಕಿದ್ದು ಬರೀ ಆರು ಕಂತು, ಆಮೇಲೆ ಮೂರು ತಿಂಗಳ ಮೌನ. ಅವರ ಮನಸ್ಸಿನಲ್ಲಿ ಆ ಮೂರು ತಿಂಗಳೂ ಕಥೆ ಪಂಜರದಲ್ಲೇ ಇತ್ತು.

‘ಬರೆಯುವವರಿಗೇ ಮುಂದೇನು ಅಂತ ಗೊತ್ತಿಲ್ಲ, ಸುಮ್ನೆ ಎಳೀತಿದ್ದಾರೆ’ ಅನ್ನುವ ಮಾತು ಆಗ ಜೋರಾಯಿತು. ಇನ್ನೊಂದು ಗುಂಪು ‘ತಾಳ್ಮೆ ಇರಲಿ, ಎಲ್ಲಕ್ಕೂ ಉತ್ತರ ಬರುತ್ತೆ’ ಅಂತಿತ್ತು. ಕುತೂಹಲದ ವಿಷಯ ಏನೆಂದರೆ ಎಳೀತಿದ್ದಾರೆ ಅಂದವರ ಮಾತು ನಿಜವಾಗಿತ್ತು. ಅದನ್ನು ಒಪ್ಪಿಕೊಂಡವರು ಸರಣಿ ನಡೆಸುತ್ತಿದ್ದ ಡೇಮನ್ ಲಿಂಡಲಾಫ್ ಮತ್ತು ಕಾರ್ಲ್‌ಟನ್ ಕ್ಯೂಸ್ ಅವರೇ. ಎಷ್ಟು ವರ್ಷ ಓಡಿಸಬೇಕು ಅಂತ ಚಾನೆಲ್ ಹೇಳದಿದ್ದರೆ, ಎಳೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ 2007ರ ಫೆಬ್ರವರಿ 21ರ ಕಂತು ನೋಡಬೇಕು. ಜಾಕ್ ತೋಳಿನ ಹಚ್ಚೆ ಎಲ್ಲಿಂದ ಬಂತು ಅನ್ನುವುದೇ ಅದರ ಫ್ಲಾಶ್‌ಬ್ಯಾಕ್. ಥಾಯ್ಲೆಂಡ್‌ಗೆ ಹೋಗಿ, ಹಚ್ಚೆ ಹಾಕಿಸಿಕೊಂಡು, ಅದಕ್ಕಾಗಿ ಹೊಡೆತ ತಿನ್ನುತ್ತಾನೆ. ಆ ಹಚ್ಚೆ ನಿಜವಾಗಿ ನಟ ಮ್ಯಾಥ್ಯೂ ಫಾಕ್ಸ್ ಅವರದೇ ಮೈಮೇಲೆ ಇದ್ದದ್ದು. ಅದಕ್ಕೊಂದು ಕಥೆ ಹೆಣೆದರು, ಅಷ್ಟೇ. ಅಷ್ಟರಲ್ಲಿ ಜಾಕ್‌ನ ಮದುವೆ ನೋಡಿದ್ದೆವು, ವಿಚ್ಛೇದನ ನೋಡಿದ್ದೆವು, ಅಪ್ಪನ ಜೊತೆಗಿನ ಜಗಳ ನೋಡಿದ್ದೆವು. ಹೇಳಲು ಉಳಿದದ್ದು ಹಚ್ಚೆ ಮಾತ್ರ. ಇಡೀ ಸರಣಿಯ ಅತಿ ಬಡವಾದ ಕಂತು ಯಾವುದು ಅಂದರೆ ಅಭಿಮಾನಿಗಳು ಇವತ್ತಿಗೂ ಇದನ್ನೇ ತೋರಿಸುತ್ತಾರೆ. ನಾನು ಇದನ್ನು ಬೇರೆ ರೀತಿ ನೋಡುತ್ತೇನೆ. ಫ್ಲಾಶ್‌ಬ್ಯಾಕ್ ಅನ್ನುವ ಬಾವಿ ಬತ್ತಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಲಿಂಡಲಾಫ್ ಕೂಡ ಮುಂದೆ, ಸರಣಿಗೆ ಕೊನೆ ದಿನ ಬೇಕು ಅಂತ ವಾದಿಸಲು ಈ ಕಂತನ್ನೇ ಉದಾಹರಣೆ ಕೊಟ್ಟರು.

ನಿಕ್ಕಿ ಮತ್ತು ಪಾವ್ಲೊ ವಿಷಯ ಎಲ್ಲರಿಗೂ ಗೊತ್ತು. ಮೂರನೇ ಸೀಸನ್‌ನಲ್ಲಿ ಹೊಸದಾಗಿ ಮುಂದೆ ತಂದ ಆ ಜೋಡಿಯನ್ನು ಜನ ಒಪ್ಪಲಿಲ್ಲ, ಮಾರ್ಚ್ 28ರ ಕಂತಿನಲ್ಲಿ ಇಬ್ಬರನ್ನೂ ಜೀವಂತ ಹೂತರು.

ನಲವತ್ತೆಂಟು

ಕೊನೆ ದಿನದ ಬಗ್ಗೆ ಮಾತುಕತೆ ನಡೆದಿದೆ ಎಂದು ಲಿಂಡಲಾಫ್ ಮತ್ತು ಕ್ಯೂಸ್ 2007ರ ಜನವರಿಯಲ್ಲೇ ಪತ್ರಕರ್ತರ ಮುಂದೆ ಹೇಳಿದ್ದರು. ಆ ಕಾಲಕ್ಕೆ ಇದು ವಿಚಿತ್ರವಾದ ಬೇಡಿಕೆ. ಚೆನ್ನಾಗಿ ಓಡುತ್ತಿರುವ ಸರಣಿಯನ್ನು ಯಾವ ಚಾನೆಲ್ ತಾನಾಗಿ ನಿಲ್ಲಿಸುತ್ತದೆ? ಜನ ನೋಡುವುದನ್ನು ಬಿಡುವ ತನಕ ಓಡಿಸುವುದೇ ವ್ಯಾಪಾರದ ದಾರಿ.

ಮೇ ಮೊದಲ ವಾರ ಕಳೆಯುತ್ತಿದ್ದಂತೆ ಎಬಿಸಿ ಪ್ರಕಟಿಸಿತು. ಇನ್ನು 48 ಕಂತು. ಮೂರು ಸೀಸನ್, ತಲಾ 16. ವರ್ಷದ ಮೊದಲ ಭಾಗದಲ್ಲಿ, ಮರುಪ್ರಸಾರ ಇಲ್ಲದೆ, ಸತತವಾಗಿ. 2010ರಲ್ಲಿ ಮುಕ್ತಾಯ. ಆಗ ಚಾನೆಲ್‌ನ ಮನರಂಜನೆ ವಿಭಾಗದ ಮುಖ್ಯಸ್ಥರಾಗಿದ್ದವರು ಸ್ಟೀಫನ್ ಮ್ಯಾಕ್‌ಫರ್ಸನ್. ಓಡುತ್ತಿರುವ ಸರಣಿಗೆ ಮೂರು ವರ್ಷ ಮೊದಲೇ ಕೊನೆ ದಿನ ಗೊತ್ತುಮಾಡಿದ್ದಕ್ಕೆ ಅವರಿಗೂ ಶ್ರೇಯ ಸಲ್ಲಬೇಕು.

ಅಭಿಮಾನಿಗಳಲ್ಲಿ ಬೇಸರ ಮಾಡಿಕೊಂಡವರೂ ಇದ್ದರು. ವರ್ಷಕ್ಕೆ ಸುಮಾರು 24 ಇದ್ದದ್ದು 16 ಆಯಿತಲ್ವಾ ಅಂತ. ಆದರೆ ಇಲ್ಲಿ ಕಡಿಮೆ ಅನ್ನುವುದೇ ಲಾಭ. ಹಚ್ಚೆಯ ಕಂತಿನಂಥದ್ದಕ್ಕೆ ಇನ್ನು ಜಾಗವೇ ಇರಲಿಲ್ಲ.

ಮೇ 23ರ ರಾತ್ರಿ

ಈ ಪ್ರಕರಣದ ಹೃದಯ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2007ರ ಮೇ 23, ಬುಧವಾರ. ಮೂರನೇ ಸೀಸನ್‌ನ ಎರಡು ಗಂಟೆಯ ಕೊನೆಯ ಕಂತು. ಗಡ್ಡ ಬಿಟ್ಟ ಜಾಕ್ ವಿಮಾನದಲ್ಲಿ ಕೂತು ಕುಡಿಯುತ್ತಿದ್ದಾನೆ. ಕೈಗೆ ಪೇಪರ್ ಬರುತ್ತದೆ. ಅದರಲ್ಲಿ ಏನೋ ಓದಿ ಕುಸಿಯುತ್ತಾನೆ. ಆಮೇಲೆ ಒಂದು ಸೇತುವೆಯ ಮೇಲೆ ಹತ್ತಿ ನಿಲ್ಲುತ್ತಾನೆ, ಹಾರಿಬಿಡಲು. ಹಿಂದೆ ಕಾರು ಅಪಘಾತವಾಗುತ್ತದೆ. ಡಾಕ್ಟರ್ ಅಲ್ವಾ, ಓಡುತ್ತಾನೆ.

ಮೂರು ವರ್ಷ ಈ ಸರಣಿ ನೋಡಿದವರಿಗೆ ಒಂದು ಅಭ್ಯಾಸ ಆಗಿಹೋಗಿತ್ತು. ದ್ವೀಪದ ಹೊರಗಿನ ದೃಶ್ಯ ಅಂದರೆ ಹಿಂದೆ ನಡೆದದ್ದು. ಇದೂ ಜಾಕ್‌ನ ಇನ್ನೊಂದು ಹಳೇ ಸಂಕಟ, ಹೆಂಡತಿ ಬಿಟ್ಟುಹೋದ ಮೇಲಿನದ್ದು, ಅಂದುಕೊಂಡು ನೋಡಿದರು. ಆಸ್ಪತ್ರೆಗೆ ಮಾಜಿ ಹೆಂಡತಿ ಸಾರಾ ಬರುತ್ತಾಳೆ. ನಂಬಿಕೆ ಇನ್ನೂ ಗಟ್ಟಿ. ಮುಂದೆ ಜಾಕ್ ಕುಡಿದ ಮತ್ತಿನಲ್ಲಿ ಹಿರಿಯ ಡಾಕ್ಟರ್ ಮೇಲೆ ರೇಗುತ್ತಾನೆ. ನನ್ನ ಅಪ್ಪನನ್ನು ಇಲ್ಲಿಗೆ ಕರೆಸು, ಅವನಿಗಿಂತ ನಾನು ಜಾಸ್ತಿ ಕುಡಿದಿದ್ದರೆ ಆಮೇಲೆ ಮಾತಾಡು ಅನ್ನುವ ಧಾಟಿಯಲ್ಲಿ. ಜಾಕ್ ಆ 815 ವಿಮಾನ ಹತ್ತಿದ್ದೇ ಸಿಡ್ನಿಯಲ್ಲಿ ತೀರಿಕೊಂಡ ಅಪ್ಪನ ಶವ ತರಲು. ಅಪ್ಪ ಬದುಕಿದ್ದಾನೆ ಅಂದರೆ ಇದು ಅಪಘಾತಕ್ಕೆ ಮುಂಚೆಯೇ ಇರಬೇಕು. ಅಷ್ಟು ಸರಳವಾದ ತರ್ಕ.

ಈ ಒಂದು ಮಾತಿನ ಮೇಲೆ ಅಭಿಮಾನಿಗಳು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಇದು ಮೋಸ ಅಂತ ಕೆಲವರು. ಕುಡಿದು, ಮಾತ್ರೆ ನುಂಗಿ, ತಲೆ ಕೆಟ್ಟವನ ಮಾತು ಅಂತ ಇನ್ನು ಕೆಲವರು. ನಾನು ಎರಡನೇ ಕಡೆಯವನು. ಅಪ್ಪನ ಹೆಸರಿನ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗುವ ಜಾಕ್‌ಗೆ, ಅಪ್ಪ ಸತ್ತರೂ ಸತ್ತಿಲ್ಲ. ಆ ಮಾತು ನೋಡುವವರ ದಿಕ್ಕು ತಪ್ಪಿಸುತ್ತದೆ, ನಿಜ. ಆದರೆ ಅದು ಜಾಕ್ ಎಂಬ ಮನುಷ್ಯನ ಒಳಗಿಂದಲೇ ಬಂದ ಮಾತು. ಎರಡನೇ ಸಲ ನೋಡಿದಾಗ ಸುಳ್ಳು ಅನ್ನಿಸುವ ಬದಲು ಇನ್ನೂ ಜಾಸ್ತಿ ನೋವು ಕೊಡುತ್ತದೆ. ಒಳ್ಳೆಯ ಟ್ವಿಸ್ಟ್‌ಗೂ ಬರೀ ಕಣ್ಕಟ್ಟಿಗೂ ವ್ಯತ್ಯಾಸ ಇದೇ ಅಂತ ನನಗೆ ಅನ್ನಿಸುತ್ತದೆ.

ನಡುವೆ ಶವಸಂಸ್ಕಾರದ ಮನೆ. ಒಂದು ಶವಪೆಟ್ಟಿಗೆ, ಖಾಲಿ ಕುರ್ಚಿಗಳು. ಬಂದವನು ಜಾಕ್ ಒಬ್ಬನೇ. ಸ್ನೇಹಿತರೋ, ಮನೆಯವರೋ ಅಂತ ಅಲ್ಲಿಯವನು ಕೇಳಿದಾಗ ಎರಡೂ ಅಲ್ಲ ಅನ್ನುತ್ತಾನೆ. ಆ ಜಾಗದ ಹೆಸರು ಹಾಫ್ಸ್ ಡ್ರಾಲರ್. ಆ ಹೆಸರಿನ ಹನ್ನೆರಡು ಇಂಗ್ಲಿಷ್ ಅಕ್ಷರಗಳನ್ನು ಅದಲು ಬದಲು ಮಾಡಿದರೆ ‘ಫ್ಲಾಶ್ ಫಾರ್ವರ್ಡ್’ ಆಗುತ್ತದೆ, ಅಂದರೆ ಮುಂದೆ ನಡೆಯುವುದರ ದೃಶ್ಯ. ಗುಟ್ಟು ಫಲಕದ ಮೇಲೇ ಬರೆದಿತ್ತು. ಚಿತ್ರ ನಿಲ್ಲಿಸಿ, ಅಕ್ಷರ ಅಕ್ಷರ ಓದುವ ಅಭಿಮಾನಿಗಳಿದ್ದಾರೆ ಅನ್ನುವ ನಂಬಿಕೆಯಿಂದಲೇ ಹಾಗೆ ಬರೆದದ್ದು. ಆ ನಂಬಿಕೆ ನನಗೆ ತುಂಬಾ ಇಷ್ಟ.

ಕೊನೆಯ ದೃಶ್ಯ. ರಾತ್ರಿ, ವಿಮಾನ ನಿಲ್ದಾಣದ ಪಕ್ಕ. ಜಾಕ್ ಕಾಯುತ್ತಿದ್ದಾನೆ. ಒಂದು ಕಾರು ಬರುತ್ತದೆ. ಇಳಿದವಳು ಕೇಟ್.

ಜಾಕ್‌ಗೆ ಕೇಟ್ ಪರಿಚಯವಾದದ್ದು ದ್ವೀಪದಲ್ಲಿ. ಅಂದರೆ ಇದು ಹಿಂದಿನದ್ದಲ್ಲ, ಮುಂದಿನದ್ದು. ಅವರು ದ್ವೀಪದಿಂದ ಹೊರಬಂದಿದ್ದಾರೆ. ವಿಮಾನ ಕಂಪನಿ ಕೊಟ್ಟ ಉಚಿತ ಪಾಸ್ ಹಿಡಿದು, ವಿಮಾನ ಮತ್ತೆ ಬೀಳಲಿ ಅಂತ ಬೇಡಿಕೊಳ್ಳುತ್ತಾ ಹಾರಾಡುತ್ತಿದ್ದೇನೆ ಅನ್ನುತ್ತಾನೆ ಜಾಕ್. ಮೂರು ವರ್ಷ ‘ಇವರು ಪಾರಾಗುತ್ತಾರಾ?’ ಅಂತ ಕೇಳುತ್ತಿದ್ದ ಸರಣಿ ಆ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಬಿಟ್ಟಿತು. ಕೇಟ್ ಕಾರು ಹತ್ತಿ ಹೊರಟಾಗ ಅವನು ಕೂಗುತ್ತಾನೆ, ನಾವು ವಾಪಸ್ ಹೋಗಬೇಕು ಅಂತ.

ಈಗ ವೇಳಾಪಟ್ಟಿಯ ಮಾತಿಗೆ ಬರುತ್ತೇನೆ. ಕೊನೆ ದಿನ ಇಲ್ಲದ ಸರಣಿಯಲ್ಲಿ ಈ ತಿರುವು ಕೊಡಲು ಆಗುತ್ತಿತ್ತೇ? ಆಗುತ್ತಿರಲಿಲ್ಲ. ಪಾರಾಗುತ್ತಾರೆ ಅಂತ ತೋರಿಸಿದ ಮರುಕ್ಷಣದಿಂದ ಗಡಿಯಾರ ಓಡಲು ಶುರು. ಯಾರು ಯಾರು ಹೊರಬಂದರು, ಹೇಗೆ, ಯಾವಾಗ, ಪೆಟ್ಟಿಗೆಯಲ್ಲಿ ಇರುವುದು ಯಾರು? ಇವಕ್ಕೆಲ್ಲ ಲೆಕ್ಕ ಕೊಡಬೇಕು. ಎಂಟು ವರ್ಷವೋ ಹತ್ತು ವರ್ಷವೋ ಗೊತ್ತಿಲ್ಲದೆ ಓಡುವ ಕಥೆಗೆ ಆ ಸಾಲ ತೀರಿಸಲು ಆಗುವುದಿಲ್ಲ. 48 ಅನ್ನುವ ಸಂಖ್ಯೆ ಕೈಯಲ್ಲಿದ್ದ ಕಾರಣಕ್ಕೇ ಅದು ಬರೀ ಶಾಕ್ ಆಗದೆ, ತೀರಿಸುತ್ತೇವೆ ಅಂತ ಕೊಟ್ಟ ಮಾತಾಯಿತು. ಪ್ರಕಟಣೆ ಬಂದು ಎರಡು ವಾರ ಕಳೆದ ಮೇಲೆ ಈ ಕಂತು ಪ್ರಸಾರವಾದದ್ದು ನೋಡುವವರಿಗೂ ಒಳ್ಳೆಯದಾಯಿತು. ಆ ರಾತ್ರಿ ಟಿವಿ ಮುಂದೆ ಕೂತವರಿಗೆ ಕಥೆಗೆ ಕೊನೆ ಇದೆ ಅಂತ ಗೊತ್ತಿತ್ತು.

ಈ ದೃಶ್ಯದ ಗುಟ್ಟು ಕಾಯಲು ತಂಡದೊಳಗೆ ಅದಕ್ಕೆ ‘ಅಂಚೆಪೆಟ್ಟಿಗೆಯಲ್ಲಿ ಬುಡಬುಡಿಕೆ ಹಾವು’ ಅನ್ನುವ ಅರ್ಥದ ಗುಪ್ತನಾಮ ಇಟ್ಟಿದ್ದರು. ಹಾಗಿದ್ದೂ ಪ್ರಸಾರಕ್ಕೆ ಮುಂಚೆ ವಿವರ ಸೋರಿಹೋಯಿತು. ಓದಿಬಿಟ್ಟವರ ದುಃಖ ದೊಡ್ಡದು. ಒಂದು ಟ್ವಿಸ್ಟ್ ಅನ್ನು ಮೊದಲ ಸಲ ನೋಡುವುದು ಒಂದೇ ಸಲ.

ಮೂವತ್ತಾರು ವಾರ

ಅಂದು ನೋಡಿದವರು ಸುಮಾರು 1 ಕೋಟಿ 40 ಲಕ್ಷ. ಸೀಸನ್ ಶುರುವಿಗೆ ಹೋಲಿಸಿದರೆ ಸುಮಾರು 50 ಲಕ್ಷ ಕಡಿಮೆ. ಪಂಜರ, ಬಿಡುವು, ಸಮಯ ಬದಲಾವಣೆ, ಇವೆಲ್ಲದರಲ್ಲಿ ಕೈಬಿಟ್ಟು ಹೋದವರು ಪೂರ್ತಿ ವಾಪಸ್ ಬರಲೇ ಇಲ್ಲ.

ಆದರೆ ಉಳಿದವರ ವರ್ತನೆ ನೋಡಿ. ನಾಲ್ಕನೇ ಸೀಸನ್ ಶುರುವಾಗಿದ್ದು 2008ರ ಜನವರಿ 31ಕ್ಕೆ. 36 ವಾರಗಳ ಕಾಯುವಿಕೆ. ಹದಿಮೂರು ವಾರಕ್ಕೆ ಸಿಟ್ಟಾಗಿದ್ದ ಜನ ಇದನ್ನು ತಡೆದುಕೊಂಡರು. ಸುಮ್ಮನೆ ತಡೆದುಕೊಳ್ಳಲಿಲ್ಲ, ಆ ಎಂಟು ತಿಂಗಳು ಪೇಪರ್ ತುಣುಕಿನ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಓದಿದರು. ಪೆಟ್ಟಿಗೆಯಲ್ಲಿ ಇರುವುದು ಬೆನ್ ಅಂತ ಕೆಲವರು, 815ರ ಪ್ರಯಾಣಿಕರಾದ ಲಾಕ್ ಅಂತ ಕೆಲವರು, ಮೈಕಲ್ ಅಂತ ಇನ್ನು ಕೆಲವರು. ಪಂಜರದ ದಿನಗಳಲ್ಲಿ ಊಹೆಗೆ ಕೊಟ್ಟ ವಸ್ತುವೇ ಇರಲಿಲ್ಲ. ಈಗ ಕೈತುಂಬ ಇತ್ತು.

ಅಷ್ಟರಲ್ಲಿ ಬರಹಗಾರರ ಮುಷ್ಕರ. 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ಹಾಲಿವುಡ್‌ನಲ್ಲಿ ಪೆನ್ನು ಕೆಳಗಿಟ್ಟರು. ‘ಲಾಸ್ಟ್’ ಬಳಿ ಎಂಟು ಕಂತು ತಯಾರಿತ್ತು. ಸತತವಾಗಿ 16 ಅನ್ನುವ ಮಾತು ಮೊದಲ ವರ್ಷವೇ ಮುರಿಯಿತು. ಮಾರ್ಚ್ 20ರ ಎಂಟನೇ ಕಂತಿನ ಕೊನೆಗೆ ಕಾಡಿನಲ್ಲಿ ಗುಂಡು ಹಾರಿ, ದ್ವೀಪದಲ್ಲಿ ವರ್ಷಗಳಿಂದ ಸಿಕ್ಕಿಕೊಂಡಿದ್ದ ಡ್ಯಾನಿಯಲ್ ರುಸೋ ಬೀಳುತ್ತಾಳೆ. ಮುಂದಿನದ್ದು ಏಪ್ರಿಲ್ 24ಕ್ಕೆ. ಬಿಡುವಿಗೆ ಅಂತ ಬರೆದ ಕೊನೆ ಅದಲ್ಲ, ನೋಡಿದರೆ ಗೊತ್ತಾಗುತ್ತದೆ.

ಆದರೂ 48ರ ಲೆಕ್ಕ ಉಳಿಯಿತು. ನಾಲ್ಕನೇ ಸೀಸನ್‌ಗೆ 14 ಸಿಕ್ಕಿತು. ಉಳಿದ ಎರಡನ್ನು ಮುಂದಿನ ಎರಡು ಸೀಸನ್‌ಗೆ ಒಂದೊಂದು ಹಂಚಿದರು. ಕೊನೆಗೆ ಇನ್ನೊಂದು ಗಂಟೆ ಸೇರಿ, ಐದನೆಯದು 17, ಆರನೆಯದು 18 ಆಯಿತು. ಪೆಟ್ಟಿಗೆಯ ಗುಟ್ಟು 2008ರ ಮೇ 29ಕ್ಕೆ ಒಡೆಯಿತು. ಒಳಗೆ ಜಾನ್ ಲಾಕ್. ಸೋರಿಕೆಯ ಪಾಠ ಕಲಿತಿದ್ದ ತಂಡ ಈ ಸಲ ಸಾಯರ್ ಮತ್ತು ಡೆಸ್ಮಂಡ್ ಎಂಬ ಇನ್ನಿಬ್ಬರು ಪಾತ್ರಗಳನ್ನೂ ಅದೇ ಪೆಟ್ಟಿಗೆಯಲ್ಲಿ ಮಲಗಿಸಿ ಚಿತ್ರೀಕರಿಸಿಟ್ಟಿತ್ತು.

ಕೊನೆಯ ಸೀಸನ್ ಸಮಯಕ್ಕೆ ವೇಳಾಪಟ್ಟಿಯ ಜಗಳ ಶ್ವೇತಭವನದ ಬಾಗಿಲಿಗೇ ಹೋಯಿತು. ಆರನೇ ಸೀಸನ್ ಶುರುವಾಗಬೇಕಿದ್ದದ್ದು 2010ರ ಫೆಬ್ರವರಿ 2ಕ್ಕೆ. ಅಧ್ಯಕ್ಷ ಒಬಾಮಾ ಅವರ ವಾರ್ಷಿಕ ಭಾಷಣವೂ ಅದೇ ದಿನ ಆಗಬಹುದು ಅನ್ನುವ ಸುದ್ದಿ ಬಂತು. ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ‘ಲಾಸ್ಟ್’ಗೆ ಕಾದಿರುವ ಲಕ್ಷಾಂತರ ಜನರಿಗೆ ಅಧ್ಯಕ್ಷರಿಂದ ಅಡ್ಡಿಯಾಗುವ ಪರಿಸ್ಥಿತಿ ಬರುವುದಿಲ್ಲ ಎಂದು ಪತ್ರಿಕಾ ಕಾರ್ಯದರ್ಶಿ ರಾಬರ್ಟ್ ಗಿಬ್ಸ್ ಜನವರಿಯಲ್ಲಿ ಹೇಳಬೇಕಾಯಿತು. ಭಾಷಣ ಜನವರಿ 27ಕ್ಕೆ ನಡೆಯಿತು. ಮುಂದಿನ ವಾರ ಸರಣಿ ಶುರುವಾಯಿತು.

ಕೊನೆಯ ಕಂತು ಪ್ರಸಾರವಾದದ್ದು 2010ರ ಮೇ 23ಕ್ಕೆ. ವಿಮಾನ ನಿಲ್ದಾಣದ ಪಕ್ಕ ನಿಂತು ಜಾಕ್ ಕೂಗಿ ಸರಿಯಾಗಿ ಮೂರು ವರ್ಷ. ಅವತ್ತು ಬುಧವಾರ ಅಲ್ಲ, ಭಾನುವಾರ. ಎರಡೂವರೆ ಗಂಟೆ ಓಡಿ, 121ನೇ ಕಂತಿಗೆ ಮುಗಿಯಿತು.